ಜನರ ಮನೆಯ ಮುಂದೆ ನಿಂತ ಅಪ್ಪ

ಅಪ್ಪಾ,

ಇದನ್ನು ನೀನು ಓದುವುದಿಲ್ಲ. ಸತ್ತವರು ಓದುತ್ತಾರೆಂದು ನಂಬದಂತೆ ನನ್ನನ್ನು ಬೆಳೆಸಿದವನು ನೀನೇ. ಆದರೂ ವರದಿ ಒಪ್ಪಿಸುತ್ತೇನೆ.

ಇಲ್ಲಿ ಪರದೇಶದ ಅಲೆನ್ ಊರಿನಲ್ಲಿ, ಪಕ್ಕದ ಮನೆಯ ರುಮೇನಿಯಾದ ದೊಯಿನಾ ಇವತ್ತು ಚಹಾಕ್ಕೆ ಬಂದಿದ್ದಳು. ಗೋಡೆಯ ಮೇಲಿನ ನಿನ್ನ ಫೋಟೊ ನೋಡಿ ಕಪ್ಪು ಕೆಳಗಿಟ್ಟಳು. ನೀನು ಕಮ್ಯುನಿಸ್ಟ್ ಪಕ್ಷದ ನಿಯೋಗದಲ್ಲಿ ಅವಳ ದೇಶದ ರಾಜಧಾನಿ ಬುಕಾರೆಸ್ಟ್‌ಗೆ ಹೋದಾಗ, ಆಗಿನ್ನೂ ಕಟ್ಟುತ್ತಿದ್ದ ಆ ದೈತ್ಯ ಅರಮನೆಯ ಮುಂದೆ ತೆಗೆಸಿಕೊಂಡದ್ದು. "ಇದು ಜನರ ಮನಿ, ನೋಡ್ರಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೆಯಲ್ಲ, ಅದೇ.

"ನಮ್ಮಜ್ಜಿ ಮನಿ ಇಲ್ಲೇ ಇತ್ತು," ಎಂದಳು, ನಿನ್ನ ಕಾಲ ಬಳಿ ಬೆರಳಿಟ್ಟು. (ಅವಳ ಮಾತನ್ನು ನಮ್ಮೂರ ಮಾತಿನಲ್ಲೇ ಬರೆಯುತ್ತಿದ್ದೇನೆ.) "ಓಣಿಗೆ ಓಣಿನೇ ಕೆಡವಿದ್ರು. ಬದಲಿಗೆ ಕೊಟ್ಟ ಫ್ಲಾಟಿಗೆ ಸಾಕಿದ ನಾಯಿ ತರಬ್ಯಾಡ ಅಂದ್ರು. ಅಜ್ಜಿ ಅದನ್ನ ಬೀದ್ಯಾಗ ಬಿಟ್ಟು ಬಂದ್ಳು."

ಹುಬ್ಬಳ್ಳಿಯಲ್ಲಿ ಗುಡಿಸಲು ಕೆಡವಲು ಬಂದ ಬುಲ್ಡೋಜರ್ ಮುಂದೆ ನನ್ನ ಕೈಹಿಡಿದು ಮಲಗಿದವನು ನೀನು. ಊರ ನಡುವೆ ಅಷ್ಟು ಅಗಲದ ಬಯಲು ಎಲ್ಲಿಂದ ಬಂತೆಂದು ನಿನಗೆ ಹೊಳೆಯಲಿಲ್ಲವೇ? ಜನರನ್ನು ಎತ್ತಿ ಎಸೆದು, ಮೇಲೆದ್ದ ಕಲ್ಲಿಗೆ ಜನರ ಹೆಸರಿಟ್ಟರೂ ಅದು ದೊರೆಯ ಕೋಟೆಯೇ. ನೀನಿದ್ದಾಗಲೇ ಇದನ್ನು ಕೇಳಬೇಕಿತ್ತು.

"ಯಾರಿವರು? ಮುಖಾನೇ ಕಾಣವಲ್ದು," ಎಂದಳು ದೊಯಿನಾ.

ಕಟ್ಟಡ ಪೂರ್ತಿ ಬರಲೆಂದು ಫೋಟೊದವನು ಬಹಳ ಹಿಂದೆ ಸರಿದಿದ್ದ. ನೀನು ಬೆಂಕಿಕಡ್ಡಿಯಷ್ಟಾಗಿದ್ದೀಯ.

"ಯಾರೋ ಗೊತ್ತಿದ್ದವರು," ಎಂದೆ.

ಅವಳು ಹೋದ ಮೇಲೆ ಫೋಟೊ ಇಳಿಸಲು ಎದ್ದೆ. ಕೈ ಬರಲಿಲ್ಲ. ಹೋರಾಟ ಹೋರಾಟ ಎಂದು ಮನೆಯಲ್ಲೇ ನಿಲ್ಲದ ನಿನ್ನದೆಂದು ನನ್ನ ಬಳಿ ಇರುವುದು ಇದೊಂದೇ ಫೋಟೊ.