ತೆಳು ಸಿಪ್ಪೆಯ ಮೊಟ್ಟೆಗಳು

ಜನ್ನಾಪುರ, ಭದ್ರಾವತಿ
೧೨-೮-೧೯೯೮

ಆಲ್ಕೊಳದ ಬೇಕರಿಯ ಶಿವರಾಜ್ ಅವರಿಗೆ ಪುಟ್ಟಲಕ್ಷ್ಮಿಯ ನಮಸ್ಕಾರ.

ನಮ್ಮ ಮೊಟ್ಟೆಯ ಸಿಪ್ಪೆ ತೆಳುವಾಗಿದೆ ಅನ್ನುವ ನಿಮ್ಮ ದೂರು ನಿಜ. ಕೋಳಿಗಳಿಗೆ ಅಂಗಡಿಯ ಕಪ್ಪೆಚಿಪ್ಪಿನ ಪುಡಿ ಹಾಕಿ ಅಂದಿರಿ. ಅದನ್ನು ತರಲು ನನ್ನ ಮಗ ಲೋಹಿತ್ ಬಿಡುತ್ತಿರಲಿಲ್ಲ. "ಹೊಳೆ ಬಗ್ದು ತಂದಿದ್ದು ಬೇಡ ಕಣಮ್ಮ, ನಾನು ತಿಂದ ಮೊಟ್ಟೆ ಸಿಪ್ಪೇನೇ ಹಾಕು" ಅನ್ನುತ್ತಿದ್ದ. ಅದನ್ನೇ ಹುರಿದು ನುಣ್ಣಗೆ ಪುಡಿ ಮಾಡಿ ಹಾಕುತ್ತಿದ್ದೆ. ಸಿಪ್ಪೆಯ ಗುರುತು ಸಿಕ್ಕರೆ ಕೋಳಿ ತನ್ನ ಮೊಟ್ಟೆಯನ್ನೇ ಕುಕ್ಕುತ್ತದೆ.

ಅವನ ತಿಥಿಯಾದ ಮೇಲೆ ನಮ್ಮ ಮನೆಯಲ್ಲಿ ಯಾರೂ ಮೊಟ್ಟೆ ಒಡೆದಿಲ್ಲ. ನೀವು ಬಿಸಾಡುವ ಸಿಪ್ಪೆಯನ್ನು ತೊಳೆಸಿ, ಖಾಲಿ ಟ್ರೇ ಜೊತೆ ಕಳಿಸಿಕೊಡಿ.

ಇವತ್ತು ಬೆಳಿಗ್ಗೆಯೂ ಅವನ ಪಾಲಿನ ಎರಡು ಮೊಟ್ಟೆ ತೆಗೆದಿಟ್ಟುಬಿಟ್ಟಿದ್ದೆ. ಅವೂ ಈ ಟ್ರೇಯಲ್ಲೇ ಇವೆ. ನೀವೇ ಒಡೆದುಬಿಡಿ.

ಇಂತಿ,
ಪುಟ್ಟಲಕ್ಷ್ಮಿ