ಎರಡನೆಯ ಸಲ ಎಂದರೆ

ಫೆಬ್ರವರಿ 6, ಬೆಳಿಗ್ಗೆ 11

ನಾಳೆ ಓದುವ ತೀರ್ಪಿನ ಡಿಕ್ಟೇಷನ್. ಎಂಟು ಪುಟ. ಬೀಗ ರಿಪೇರಿಯವನ ಕೇಸು — ಕೆಲಸಕ್ಕೆ ಹೋದ ಮನೆಯಿಂದ ಕ್ಯಾಮೆರಾ ಎತ್ತಿದ್ದು. ಜಡ್ಜ್ ಸಾಹೇಬರಿಗೆ ನೆಗಡಿ, ತೀರ್ಪೆಲ್ಲ ಮೂಗಿನಿಂದಲೇ. ಕೊನೆಗೆ: 'ಹಿಂದೆ ಕೈಗಡಿಯಾರ ಕದ್ದದ್ದಕ್ಕೂ ಶಿಕ್ಷೆಯಾಗಿದೆ. ಆರೋಪಿ ಪುನರಾವರ್ತಕ ಅಪರಾಧಿ. ಮೂರು ವರ್ಷ.'

ಆ ಪದ ಇಲ್ಲದಿದ್ದರೆ ಆರು ತಿಂಗಳು. ಅಷ್ಟನ್ನು ಆಗಲೇ ಒಳಗೆ ಕಳೆದಿದ್ದಾನೆ.

ನಾನು ಸ್ಟೆನೋ. ಹೇಳಿದ್ದನ್ನು ಬರೆದುಕೊಳ್ಳುವುದು. ಹತ್ತೊಂಬತ್ತು ವರ್ಷದಿಂದ ಅದೇ.

ಮಧ್ಯಾಹ್ನ 3

ತಾರೀಖು ತುಂಬಲು ಫೈಲ್ ತೆಗೆದೆ. ಕೈಗಡಿಯಾರದ ಕೇಸಿನಲ್ಲಿ ಶಿಕ್ಷೆ — ಹೋದ ವರ್ಷ ಜೂನ್ 18. ಕ್ಯಾಮೆರಾ ಕದ್ದದ್ದು — ಅದೇ ವರ್ಷ ಏಪ್ರಿಲ್ 2.

ಕನ್ನಡಕ ಒರೆಸಿ ಮತ್ತೆ ನೋಡಿದೆ. ಏಪ್ರಿಲ್ಲೇ.

ಶಿಕ್ಷೆಯಾದ ಮೇಲೂ ಬುದ್ಧಿ ಬರದೆ ಮತ್ತೆ ಕದ್ದರೆ ಮಾತ್ರ ಆ ಪದ. ಇವನು ಎರಡನ್ನೂ ಮೊದಲೇ ಮಾಡಿ ಮುಗಿಸಿದ್ದ. ಎರಡನೆಯದು ಬಯಲಾದದ್ದು ತಡವಾಗಿ, ಅಷ್ಟೆ. ಅವನ ವಕೀಲರು ಬಾಯಿಯೇ ಬಿಟ್ಟಿಲ್ಲ.

ಕಾರಿಡಾರಿನಲ್ಲಿ ಅವನ ಅಕ್ಕ. ಪ್ರತಿ ಹಿಯರಿಂಗಿಗೂ ಅದೇ ಬೆಂಚು.

"ಮೇಡಂ, ನಾಳೆ ಬಿಡ್ತಾರಾ?"

"ನಂಗೊತ್ತಿಲ್ಲಮ್ಮ."

ಗೊತ್ತಿತ್ತು.

ಫೆಬ್ರವರಿ 7, ಬೆಳಿಗ್ಗೆ 10.15

ಕೋರ್ಟ್ ಶುರುವಾಗುವ ಮುಂಚೆ ಸಾಹೇಬರ ಕೋಣೆಗೆ ಹೋದೆ. ಬಾಗಿಲ ಹೊರಗೆ ಎರಡು ಸಲ ಸೆರಗು ಸರಿಮಾಡಿಕೊಂಡೆ. ನಗು ಬರುವ ವಿಷಯ, ಈ ವಯಸ್ಸಿನಲ್ಲಿ.

"ಸರ್, ಈ ಎರಡು ತಾರೀಖು ಒಂದ್ಸಲ ನೋಡ್ಬೇಕಿತ್ತು."

"ಯಾಕೆ? ಟೈಪ್ ಆಗಿಲ್ವಾ?"

"ಆಗಿದೆ ಸರ್. ಕಳ್ಳತನ ಮೊದಲು, ಶಿಕ್ಷೆ ಆಮೇಲೆ..."

"ತೀರ್ಪು ನಾನು ಕೊಡ್ತೀನಲ್ಲಮ್ಮ. ನೀವು ಟೈಪ್ ಮಾಡಿ."

ಆದರೂ ಫೈಲ್ ಎಳೆದುಕೊಂಡರು. ಓದಿದರು. ಸೀನಿದರು. ಮತ್ತೆ ಓದಿದರು. ಪೆನ್ನಿನಿಂದ ಒಂದು ಗೆರೆ — ಆ ಪದದ ಮೇಲೆ. ಮೂರು ವರ್ಷದ ಮೇಲೂ.

"ಎಂಟನೇ ಪುಟ ಇನ್ನೊಂದ್ಸಲ ತೆಗೀರಿ."

ಥ್ಯಾಂಕ್ಸ್ ಇಲ್ಲ. ನಿರೀಕ್ಷಿಸಿಯೂ ಇರಲಿಲ್ಲ... ಸ್ವಲ್ಪ ನಿರೀಕ್ಷಿಸಿದ್ದೆ.

ಸಂಜೆ

ಬಿಟ್ಟರು. ಅಕ್ಕ ಅವನ ಬೆನ್ನಿಗೆ ಒಂದು ಗುದ್ದಿ, ಆಮೇಲೆ ತೋಳು ಹಿಡಿದುಕೊಂಡು ನಡೆಸಿಕೊಂಡು ಹೋದಳು.

ಮಾರ್ಚ್ 23, ಭಾನುವಾರ

ಅತ್ತೆಯ ಬೀರು ಜಾಮ್. ಬಿ.ಪಿ. ಮಾತ್ರೆ ಒಳಗೆ. ಬೇರೆ ಬೀಗದವನು ಫೋನೇ ಎತ್ತಲಿಲ್ಲ. ಆ ಕ್ಯಾಮೆರಾ ಕೇಸಿನವನು ಮತ್ತೆ ಅಂಗಡಿ ತೆರೆದಿದ್ದಾನೆಂದು ಕೇಳಿದ್ದೆ.

ಗಂಡ: "ಅವನನ್ನಾ ಕರೆಸ್ತೀಯಾ? ತಲೆ ನೆಟ್ಟಗಿದ್ಯಾ?"

"ಅವನ ಶಿಕ್ಷೆ ಮುಗಿದಿದೆ ಕಣ್ರೀ," ಎಂದೆ. ಗಟ್ಟಿಯಾಗಿಯೇ.

ಬಂದ. ನನ್ನ ಗುರುತು ಹತ್ತಿತು. ಕೋರ್ಟಿನ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ತೀರ್ಪಿನ ಹಿಂದಿನ ಕಥೆ ಅವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಮಂಡಿಯೂರಿ ಕೂತು, ತಂತಿ ತೂರಿಸಿ, ಕಿವಿ ಹಚ್ಚಿ ಕೇಳಿಸಿಕೊಂಡ. ಎರಡೇ ನಿಮಿಷ. ಅತ್ತೆ ಮಾತ್ರೆ ತೆಗೆದುಕೊಂಡು ನೀರು ಕುಡಿಯಲು ಹೋದರು.

ಬೀರಿನ ಬಾಗಿಲು ತೆರೆದೇ ಇತ್ತು. ನಾನು ಕದಲಲಿಲ್ಲ. ಅವನ ಕೈಯನ್ನೇ ನೋಡುತ್ತ ನಿಂತಿದ್ದೇನೆಂದು ನನಗೆ ತಿಳಿಯುವ ಮುಂಚೆ ಅವನಿಗೆ ತಿಳಿಯಿತು.

ಉಪಕರಣಗಳನ್ನು ನೆಲದ ಮೇಲಿಟ್ಟ. ಎರಡೂ ಅಂಗೈ ಬಿಚ್ಚಿದ. ಷರ್ಟಿನ ಜೇಬನ್ನೂ ಹೊರಗೆಳೆದು ತೋರಿಸಿದ. ಸಿಟ್ಟಿಲ್ಲ, ಅಭ್ಯಾಸವಾದವನಂತೆ.

"ಏನೂ ಇಲ್ಲ ನೋಡಿ, ಮೇಡಂ."

ಹಾಗಲ್ಲಪ್ಪ ಎನ್ನಲು ಬಾಯಿ ತೆರೆದೆ, ಆದರೆ ನನ್ನ ಕಣ್ಣು ಆಗಲೇ ಆ ಖಾಲಿ ಜೇಬನ್ನು ನೋಡಿ ಮುಗಿಸಿತ್ತು.