ಕಮಲಾಪುರದಲ್ಲಿ ಸೈಕಲ್ ಇಳಿದ ಮೇಲೆ

ನವೆಂಬರ್ 10, ಭಾನುವಾರ. ಬೆಳಿಗ್ಗೆ 9.20
ಮತ್ತೆ ಅದೇ. ಕಲಬುರಗಿಯಿಂದ ಕಮಲಾಪುರ, ಸೈಕಲ್ ಮೇಲೆ ನಲವತ್ತು ಕಿಲೋಮೀಟರ್. ಒಂದು ಗಂಟೆ ಮೂವತ್ತೊಂದು ನಿಮಿಷ. ಇಳಿದೆ, ಬೂಟು ಬದಲಿಸಿದೆ, ಓಡಿದೆ. ಕಾಲು ನನ್ನವಲ್ಲ. ನೆಲ ಮೆತ್ತಗೆ, ಹಾಸಿಗೆಯ ಹಾಗೆ. ಎಷ್ಟು ಓಡಿದರೂ ಮುಂದೆ ಕಾಣುವ ಬೇವಿನ ಮರ ಹತ್ತಿರ ಬರಲಿಲ್ಲ. ನಿಧಾನವಾದೆನೇನೋ ಅನ್ನಿಸಿ ಇನ್ನೂ ಜೋರು ಮಾಡಿದೆ. ವಾಚ್ ನೋಡಿದರೆ ಮೊದಲ ಕಿಲೋಮೀಟರ್ 5.10! ನಾನು ಆರೂವರೆ ನಿಮಿಷದವಳು. 2.3 ಕಿಲೋಮೀಟರಿಗೆ ಬಂದು ನಿಂತೆ. ಹೋದ ಫೆಬ್ರುವರಿಯ ರೇಸಿನಲ್ಲೂ ಹೆಚ್ಚುಕಡಿಮೆ ಅಲ್ಲೇ.

ಸೈಕಲ್ಲನ್ನು ಬಾಳೆಹಣ್ಣಿನ ಚಂದಮ್ಮನ ಗಾಡಿಗೆ ಒರಗಿಸಿ ಹೋಗಿದ್ದೆ.
“ಸೈಕಲ್ ಕೆಟ್ಟದೇನ್ರೀ ಮೇಡಂ?”
“ಇಲ್ಲರೀ.”
“ಮತ್ತ ಅದನ್ನ ಇಲ್ಲಿ ಬಿಟ್ಟು ಯಾಕ ಓಡ್ಲಾಕತ್ತೀರಿ?”
ಉತ್ತರ ಇದೆ. ಉದ್ದ.

ನವೆಂಬರ್ 13
ಲೈಬ್ರರಿಯಿಂದ ಬಂದಾಗ ಮನೆಯಲ್ಲಿ ಓಣಿಯ ಹೆಂಗಸರು. ಅಮ್ಮಿ ಗೋಡೆಯ ಮೊಳೆಯಿಂದ ನನ್ನ ಮೆಡಲ್ ಇಳಿಸಿ ತೋರಿಸುತ್ತಿದ್ದಳು. “ಹಮಾರಿ ಮುನೀರಾ. ಈಜು, ಸೈಕಲ್, ಓಟ. ತೀನೋ!” ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಇಲ್ಲಾದರೂ ಬರೆದಿಡಬೇಕು. ಹೋದ ಫೆಬ್ರುವರಿ, ಹೈದರಾಬಾದ್. ಈಜು ಮುಗಿಸಿದೆ. ಸೈಕಲ್ ಮುಗಿಸಿದೆ. ಹತ್ತು ಕಿಲೋಮೀಟರ್ ಓಟದಲ್ಲಿ ಎರಡು ದಾಟಿ ನಿಂತುಬಿಟ್ಟೆ. ಚೀಲ ತರಲು ಅಡ್ಡದಾರಿ ಹಿಡಿದೆ. ಅದು ನೇರ ಓಟ ಮುಗಿಯುವ ಗೇಟಿಗೆ ಹೋಗುತ್ತದೆಂದು ಗೊತ್ತಿರಲಿಲ್ಲ. ಅಲ್ಲಿ ನಿಂತಿದ್ದ ಹೆಂಗಸು ಕೊರಳಿಗೆ ಮೆಡಲ್ ಹಾಕಿ ಕಂಗ್ರಾಟ್ಸ್ ಅಂದಳು. ‘ಇಲ್ಲ’ ಎಂಬುದು ಎರಡೇ ಅಕ್ಷರ. ಅನ್ನಲಿಲ್ಲ.

ಡಿಸೆಂಬರ್ 1, ಭಾನುವಾರ
3.1ಕ್ಕೆ ನಿಂತೆ. ವಾಪಸು ಬರುವುದು ಎಂದಿನಂತೆ ಹಣ್ಣಿನ ಟೆಂಪೋದಲ್ಲಿ, ಗೊನೆಗಳ ಮೇಲೆ ಸೈಕಲ್. ಕೆಂಬಾಳೆಯ ವಾಸನೆಯಲ್ಲಿ ತಾಜಸುಲ್ತಾನಪುರದವರೆಗೆ ನಿದ್ದೆ.

ಹೊಸ ಕಾದಂಬರಿ ಶುರು ಮಾಡಿದ್ದೇನೆ, ಅನುವಾದ. ಮೊದಲ ಪುಟಗಳಲ್ಲಿ ಹೆಸರುಗಳೇ ನಾಲಿಗೆಗೆ ಸಿಗುವುದಿಲ್ಲ. ಆಮೇಲೆ ಯಾವುದೋ ಪುಟದಲ್ಲಿ ಒಗ್ಗಿಹೋಗುತ್ತವೆ. ಯಾವುದರಲ್ಲಿ ಎಂದು ಹಿಂದೆ ಹೋಗಿ ಹುಡುಕಿದರೆ ಕಾಣುವುದಿಲ್ಲ. ಕಾಲಿಗೂ ಅಂಥ ಪುಟ ಇರಬೇಕು... ನಾನು ಅದಕ್ಕೆ ಮೊದಲೇ ಪುಸ್ತಕ ಮುಚ್ಚುತ್ತೇನೆ.

ಡಿಸೆಂಬರ್ 15, ಭಾನುವಾರ
ನಿಂತು ಬಂದು ಗಾಡಿಯ ಪಕ್ಕ ಕೂತೆ. ಚಂದಮ್ಮ ಒಂದು ಹಣ್ಣು ಮುರಿದು ಕೊಟ್ಟಳು. ಈಗ ‘ಮೇಡಂ’ ಇಲ್ಲ.
“ಯಾರಿಗಿ ತೋರ್ಸಾಕ ಓಡ್ತೀ ತಂಗಿ?”
“ನಮ್ಮ ಮನಿ ಗೋಡಿಗಿ.”
ಬಹಳ ಹೊತ್ತು ನಕ್ಕಳು. ಆಮೇಲೆ: “ನೀ ಇಳದ ಕೂಡ್ಲೆ ಕಳ್ಳರು ಬೆನ್ನ ಹತ್ಯಾರ ಅನ್ನಾಂಗ ಓಡ್ತಿ. ನಾವು ತ್ವಾಟದಿಂದ ಟ್ರ್ಯಾಕ್ಟರ್‌ನಾಗ ಕಾಲು ಮಡಚಿ ಕುಂತು ಬರ್ತೀವಿ. ಇಳದ್ರ ಕಾಲು ಜುಮ್ಮಂತಾವ. ತಲಿಮ್ಯಾಲ ಹಣ್ಣಿನ ಬುಟ್ಟಿ ಇರ್ತದ. ದೊಡ್ಡ ಹೆಜ್ಜಿ ಇಟ್ಟಿ, ಬುಟ್ಟಿ ಹೋತು. ಸಣ್ಣ ಸಣ್ಣ ಇಡ್ಬೇಕು. ಗುಡಿ ದಾಟೋದ್ರಾಗ ಕಾಲು ತಮ್ಮ ಮನಿ ತಾವ ಹುಡಿಕ್ಕೊಂತಾವ.”
ಖಾಲಿ ಬುಟ್ಟಿ ನನ್ನ ತಲೆಯ ಮೇಲಿಟ್ಟಳು. “ನಡಿ ನೋಡೂಣು.”
ಎದುರಿನ ಪಂಕ್ಚರ್ ಅಂಗಡಿಯ ಚಾಂದಪಾಶಾ ಕೆಲಸ ಬಿಟ್ಟು ನೋಡಿದ. ನಡೆದೆ.

ಜನವರಿ 12, ಭಾನುವಾರ
ಮಂಜು. ತೊಗರಿ ಹೊಲ ಅರ್ಧ ಇದೆ, ಅರ್ಧ ಇಲ್ಲ. ಸೈಕಲ್ ಇಳಿದು ಇಲ್ಲದ ಬುಟ್ಟಿ ಹೊತ್ತು ಓಡಿದೆ. ಸಣ್ಣ ಹೆಜ್ಜೆ, ಸಣ್ಣ ಹೆಜ್ಜೆ. ಎತ್ತಿನ ಗಾಡಿಯೊಂದು ಬಹಳ ದೂರ ಜೊತೆಗೇ ಬಂತು, ಅಥವಾ ನಾನೇ ಅದರ ಜೊತೆ. ಮರ ಯಾವಾಗ ದಾಟಿತೋ ತಿಳಿಯಲಿಲ್ಲ. ಎಂಟು ಕಿಲೋಮೀಟರ್. ಉಸಿರು ಇನ್ನೂ ಇತ್ತು.

ಫೆಬ್ರುವರಿ 2, ಭಾನುವಾರ. ಸಂಜೆ 5.10, ಹೈದರಾಬಾದಿನಿಂದ ಬರುವ ಬಸ್ಸಿನಲ್ಲಿ
ಅದೇ ರೇಸು. ಸೈಕಲ್ ಇಳಿದಾಗ ನೆಲ ಎಂದಿನಂತೆ ತೇಲಿತು. ತೇಲಲಿ ಅಂದೆ. ತಲೆಯ ಮೇಲೆ ತುಂಬಿದ ಬುಟ್ಟಿ, ಕೆಂಬಾಳೆ. ಮೊದಲ ಕಿಲೋಮೀಟರ್ 7.05. ಎಲ್ಲರೂ ದಾಟಿ ಹೋದರು. ಎರಡರ ಆಚೆ ಅದೇ ಅಡ್ಡದಾರಿ. ನೋಡಿದೆ, ಮುಂದೆ ಹೋದೆ. ಆಮೇಲಿನದು ಸರಿಯಾಗಿ ನೆನಪಿಲ್ಲ: ನೀರಿನ ಮಿಂಚು, ಯಾರದೋ ಬೆನ್ನಿನ ನಂಬರು, ನನ್ನದೇ ಹೆಜ್ಜೆಯ ಸಪ್ಪಳ. ಹತ್ತನ್ನೂ ಓಡಿದೆ. ಒಂದು ಗಂಟೆ ಏಳು ನಿಮಿಷ. ಎಲ್ಲೂ ನಡೆಯಲಿಲ್ಲ.

ಗೇಟಿನಲ್ಲಿ ಮೆಡಲ್ ಹಿಡಿದು ಒಬ್ಬಳು ಬಂದಳು. ಕೊರಳು ಬಗ್ಗಿಸಲಿಲ್ಲ. ಬೇಡ, ನನ್ನದು ಮನೆಯಲ್ಲಿದೆ ಅಂದೆ. ಅವಳು ಪಕ್ಕದವಳ ಮುಖ ನೋಡಿದಳು.

ಈಗಷ್ಟೇ ಅಮ್ಮಿಯ ಫೋನ್, ಮುಗಿಯಿತಾ ಎಂದು.
“ಹುವಾ ಕ್ಯಾ ಬೇಟಾ?”
“ಹುವಾ ಅಮ್ಮಿ. ಪೂರಾ.”
ಹಳೆಯದರ ಪಕ್ಕ ಇನ್ನೊಂದು ಮೊಳೆ ಹೊಡೆಸಿದ್ದಾಳಂತೆ. ಗೋಡೆ ಗಟ್ಟಿ, ಎರಡು ಮೊಳೆ ಡೊಂಕಾದವಂತೆ.

ಕಿಟಕಿಯಲ್ಲಿ ಕಮಲಾಪುರ. ಬೇವಿನ ಮರ. ಚಂದಮ್ಮ ಗಾಡಿಗೆ ತಾಡಪತ್ರಿ ಹೊದಿಸುತ್ತಿದ್ದಾಳೆ, ನನ್ನನ್ನು ನೋಡಲಿಲ್ಲ. ಇನ್ನೊಂದು ಗಂಟೆಯಲ್ಲಿ ಮನೆ. ಖಾಲಿ ಮೊಳೆ ಯಾಕೆ ಎಂದು ಅಮ್ಮಿ ಕೇಳುತ್ತಾಳೆ. ಹೇಳಬೇಕಾದ್ದನ್ನು ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ, ಸಣ್ಣ ಸಣ್ಣದಾಗಿ.

ಅಮ್ಮಿ, ಹೋದ ವರ್ಷ ಗೇಟಿನಲ್ಲಿ ನಾನು —